ಜಪಾನಿನ ಹಳೇ ಕ್ಯಾಸೆಟ್ ಡೆಕ್ ಕೊಂಡಿದ್ದೀರಾ? ಪ್ಲಗ್ ಹಾಕುವ ಮುಂಚೆ ಹಿಂಬದಿ ನೋಡಿ

‘ಫುಲ್ ಸರ್ವೀಸ್ ಆಗಿದೆ’ ಎಂದು ಹೇಳಿ ಮಾರಿದ ಡೆಕ್ ಒಂದು ಮನೆಗೆ ಬಂದ ದಿನವೇ ಸುಟ್ಟುಹೋಯಿತು. ಸ್ವಿಚ್ ಹಾಕಿದ ಕೂಡಲೇ ಜೋರಾಗಿ ಗುಂಯ್‌ಗುಟ್ಟಿತು, ವಾರ್ನಿಷ್ ಸುಟ್ಟ ವಾಸನೆ ಬಂತು, ಆಮೇಲೆ ಸದ್ದೇ ಇಲ್ಲ. ಹಿಂಬದಿಯಲ್ಲಿ ‘ಎಸಿ 100 ವೋಲ್ಟ್, 50/60 ಹರ್ಟ್ಸ್’ ಎಂದು ಸಣ್ಣ ಅಕ್ಷರದಲ್ಲಿ ಇತ್ತು. ಆದರೆ ಜಪಾನಿನ ಎರಡು ಚಪ್ಪಟೆ ಪಿನ್ನಿನ ಪ್ಲಗ್ಗನ್ನು ಮಾರುವವರು ಕತ್ತರಿಸಿ, ನಮ್ಮ ದುಂಡು ಪಿನ್ನಿನದನ್ನು ಕೂರಿಸಿದ್ದರು. ಇದು ಬರೀ ಅಸಡ್ಡೆಯಲ್ಲ, ಅಪಾಯ.

ಜಪಾನಿನಲ್ಲಿ ಮನೆ ಕರೆಂಟ್ 100 ವೋಲ್ಟ್, ನಮ್ಮಲ್ಲಿ 230. ಎರಡು ಪಟ್ಟಿಗೂ ಮೀರಿದ ವೋಲ್ಟೇಜ್ ಬಿದ್ದಾಗ ಟ್ರಾನ್ಸ್‌ಫಾರ್ಮರ್‌ನ ಕಬ್ಬಿಣದ ಕೋರ್ ಸ್ಯಾಚುರೇಟ್ ಆಗಿ (ಕಾಂತತ್ವದ ಮಿತಿ ಮುಟ್ಟಿ), ಕರೆಂಟ್ ಒಳಬರುವ ಪ್ರೈಮರಿ ಸುತ್ತಿನಲ್ಲಿ ಕರೆಂಟ್ ಹಲವು ಪಟ್ಟು ಏರುತ್ತದೆ. ಅದೃಷ್ಟವಿದ್ದರೆ ಫ್ಯೂಸ್ ಮಾತ್ರ ಹೋಗುತ್ತದೆ. ಇಲ್ಲದಿದ್ದರೆ ಟ್ರಾನ್ಸ್‌ಫಾರ್ಮರ್ ತಂತಿಯನ್ನು ಹೊಸದಾಗಿ ಸುತ್ತಿಸುವುದೇ ಗತಿ, ಜೊತೆಗೆ ಪವರ್ ಸಪ್ಲೈನ ಕೆಪಾಸಿಟರ್‌ಗಳನ್ನೂ ರೆಗ್ಯುಲೇಟರನ್ನೂ ನೋಡಬೇಕು.

ಇಂಥ ಡೆಕ್ಕಿಗೆ ವೋಲ್ಟೇಜ್ ಇಳಿಸುವ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಅದನ್ನು ಕೊಳ್ಳುವಾಗ ‘110 ವೋಲ್ಟ್ ಸಾಕು’ ಎಂಬ ಮಾತು ನಂಬಬೇಡಿ. ಮನೆಯ ಲೈನ್ 250ಕ್ಕೆ ಏರಿದರೆ 110ರ ಸ್ಟೆಪ್‌ಡೌನ್ ಸುಮಾರು 120 ಕೊಡುತ್ತದೆ. 100ರ ಡೆಕ್ಕಿಗೆ ಅದು 20% ಹೆಚ್ಚು. 100 ವೋಲ್ಟಿನದನ್ನೇ ಕೇಳಿ ಮಾಡಿಸಿ, ಡೆಕ್ ಜೋಡಿಸುವ ಮುಂಚೆ ಮಲ್ಟಿಮೀಟರಿನಲ್ಲಿ ಅಳೆಯಿರಿ. ಅಂಗೈಯಲ್ಲಿ ಹಿಡಿಸುವ ಹಗುರವಾದ ಎಲೆಕ್ಟ್ರಾನಿಕ್ ಕನ್ವರ್ಟರ್‌ಗಳು ಹೇರ್ ಡ್ರೈಯರ್‌ನಂಥ ಹೀಟರ್‌ಗಳಿಗೆ ಮಾತ್ರ. ಡೆಕ್ಕಿಗೆ ಬೇಡವೇ ಬೇಡ. ಕೆಲವು ಎಕ್ಸ್‌ಪೋರ್ಟ್ ಮಾಡೆಲ್‌ಗಳ ಹಿಂದೆ ವೋಲ್ಟೇಜ್ ಸೆಲೆಕ್ಟರ್ ಇರುತ್ತದೆ. ಅದು 220 ಅಥವಾ 240ರಲ್ಲಿದೆಯೇ ನೋಡಿ. ಹರ್ಟ್ಸ್‌ಗೆ ತಕ್ಕ ವೇಗದಲ್ಲಿ ಓಡುವ ಎಸಿ ಮೋಟಾರಿರುವ ಹಳೇ ಅಮೆರಿಕನ್ ಡೆಕ್ಕಾದರೆ ವೋಲ್ಟೇಜ್ ಇಳಿಸಿದರೂ ಸಾಲದು: 60 ಹರ್ಟ್ಸ್‌ನದು ಇಲ್ಲಿನ 50ರಲ್ಲಿ ಆರನೇ ಒಂದು ಪಾಲು ನಿಧಾನವಾಗಿ ಓಡುತ್ತದೆ, ಹಾಡಿನ ಶ್ರುತಿಯೇ ಇಳಿದುಹೋಗುತ್ತದೆ.

ಕರೆಂಟಿನ ಗಂಡಾಂತರ ದಾಟಿದರೂ ಕ್ಯಾಸೆಟ್ಟಿನದು ಉಳಿದಿದೆ. ‘ಸರ್ವೀಸ್’ ಎಂದರೆ ಬಹಳ ಕಡೆ ಹೆಡ್ ಒರೆಸಿ, ಮುಂಭಾಗಕ್ಕೆ ಪಾಲಿಶ್ ಹಚ್ಚುವುದಷ್ಟೇ. ಒಳಗಿನ ಬೆಲ್ಟ್ ಟಾರಿನಂತೆ ಕರಗಿ ಪುಲ್ಲಿಗೆ ಅಂಟಿರಬಹುದು, ಇಲ್ಲವೇ ಸಡಿಲವಾಗಿರಬಹುದು. ಆಗ ಕ್ಯಾಪ್‌ಸ್ಟನ್ ಎಂಬ ತಿರುಗುವ ಲೋಹದ ಕಡ್ಡಿ ಮತ್ತು ಅದಕ್ಕೆ ಒತ್ತಿಕೊಳ್ಳುವ ರಬ್ಬರಿನ ಪಿಂಚ್ ರೋಲರ್ ಟೇಪನ್ನು ದೂಡುತ್ತಲೇ ಇರುತ್ತವೆ, ಸುತ್ತಿಕೊಳ್ಳಬೇಕಾದ ರೀಲ್ ಮಾತ್ರ ನಿಂತಿರುತ್ತದೆ. ಹೊರಬಿದ್ದ ಟೇಪು ರೋಲರಿಗೆ ಸುತ್ತಿಕೊಂಡು ಮಡಿಕೆ ಬೀಳುತ್ತದೆ. ಮನೆಯಲ್ಲಿ ರೆಕಾರ್ಡ್ ಮಾಡಿಟ್ಟ ಅಜ್ಜಿಯ ಹಾಡು, ಊರಿನ ತಾಳಮದ್ದಳೆ ಹೀಗೆ ಹಾಳಾದರೆ ಇನ್ನೊಂದು ಪ್ರತಿ ಎಲ್ಲಿಂದ ತರುವುದು? ಮೊದಲು ಬೇಡವಾದ ಸಿ-60 (60 ನಿಮಿಷದ ಕ್ಯಾಸೆಟ್) ಹಾಕಿ ಪೂರ್ತಿ ಒಂದು ಬದಿ ಓಡಿಸಿ. ಸಿ-90ರ ಟೇಪು ತೆಳು, ಸಿ-120ರದು ಇನ್ನೂ ತೆಳು, ಬೇಗ ಸಿಕ್ಕಿಬೀಳುತ್ತವೆ.

ಕರಗಿದ ಬೆಲ್ಟನ್ನು 99% ಐಸೊಪ್ರೊಪೈಲ್ ಆಲ್ಕೊಹಾಲ್ ಮತ್ತು ಹತ್ತಿಕಡ್ಡಿಯಿಂದ ಒಂದಿಷ್ಟೂ ಉಳಿಯದಂತೆ ತೆಗೆಯಿರಿ. ಪುಲ್ಲಿಗಳ ಸುತ್ತ ದಾರ ಹಾಯಿಸಿ ಅಳೆದು, ಅದಕ್ಕಿಂತ ಸುಮಾರು 5% ಕಿರಿದಾದ ಬೆಲ್ಟ್ ಹಾಕಿ. ಆಫೀಸಿನ ರಬ್ಬರ್ ಬ್ಯಾಂಡ್ ಹಾಕಿದರೆ ದನಿ ನಡುಗುತ್ತದೆ. ರಬ್ಬರ್ ಭಾಗಗಳಿಗೆ ಎಣ್ಣೆ ಸ್ಪ್ರೇ ಮುಟ್ಟಿಸಲೇಬೇಡಿ.

ಡೆಕ್ಕಿನ ಜೊತೆ ಜಪಾನಿನ ಟ್ಯೂನರನ್ನೂ (ರೇಡಿಯೊ ಹಿಡಿಯುವ ಪೆಟ್ಟಿಗೆ) ಸೇರಿಸಿ ಮಾರುತ್ತಾರೆ. ಹಳೆಯವುಗಳ ಎಫ್‌ಎಂ ಬ್ಯಾಂಡ್ 76ರಿಂದ 90 ಮೆಗಾಹರ್ಟ್ಸ್ ತನಕ ಮಾತ್ರ; ಬೆಂಗಳೂರು ಆಕಾಶವಾಣಿಯ 101.3ರ ಎಫ್‌ಎಂ ಕಾಮನಬಿಲ್ಲು ಅದರಲ್ಲಿ ಸಿಗುವುದಿಲ್ಲ. ಅದಕ್ಕೆಂದು ದುಡ್ಡು ಹೆಚ್ಚು ಕೊಡಬೇಡಿ.