ಸಾವಿರ ರೂಪಾಯಿಯ ವ್ಯಾಕ್ಯೂಮ್ ಗೇಜ್: ಹಳೆ ಸ್ಪೋರ್ಟ್ಸ್ ಕಾರಿನ ಜೊತೆ ನಾಲ್ಕು ವರ್ಷ

ಎಂಜಿನ್ ಗಾಳಿ ಹೀರುವ ಎಳೆತವನ್ನು ಅಳೆಯುವ ಗೇಜು ಇದು. ಅಂಗೈ ಅಗಲದ ಡಯಲ್, ಒಂದು ಮುಳ್ಳು, ಎರಡೂವರೆ ಅಡಿ ರಬ್ಬರ್ ಪೈಪು, ನಾಲ್ಕೈದು ಪ್ಲಾಸ್ಟಿಕ್ ಜಾಯಿಂಟು. ಬ್ಯಾಟರಿ ಇಲ್ಲ, ಆ್ಯಪ್ ಇಲ್ಲ. ನಾಲ್ಕು ವರ್ಷದ ಹಿಂದೆ ಆನ್‌ಲೈನ್‌ನಲ್ಲಿ 1,150 ರೂಪಾಯಿಗೆ ತರಿಸಿದೆ. ತಂದ ವಾರವೇ ಬರೆಯಲು ಕೂತಿದ್ದರೆ ಐದಕ್ಕೆ ಒಂದು ಸ್ಟಾರ್ ಕೊಟ್ಟು, ಜೊತೆಗೆ ಬೈದೂ ಇರುತ್ತಿದ್ದೆ. ಸದ್ಯ, ಬರೆಯಲಿಲ್ಲ.

ಮೊದಲು ಕಾರಿನ ಕಥೆ. 1994ರ ಮಾಡೆಲ್, ಜಪಾನಿನದ್ದು, ಎರಡೇ ಸೀಟು, ಬಟ್ಟೆಯ ಟಾಪು, 1.8 ಲೀಟರ್ ಎಂಜಿನ್. ಹೆಸರು ಹೇಳುವುದಿಲ್ಲ. ಚಿಕ್ಕಮಗಳೂರಿನಲ್ಲಿ ನಾನು ನೋಡಿದ ಹಾಗೆ ಇಂಥದ್ದು ಇದೊಂದೇ. ಈಗಲೂ ಎಂ.ಜಿ. ರಸ್ತೆಯಲ್ಲಿ ನಿಲ್ಲಿಸಿದರೆ ಸಾಕು, "ಎಷ್ಟು ಮೈಲೇಜ್ ಕೊಡುತ್ತೆ ಸಾರ್?" ಅಂತ ಬರುತ್ತಾರೆ. ನಾನು ಕೊಳ್ಳುವ ಮೊದಲು ಆಲ್ದೂರು ಕಡೆಯ ಎಸ್ಟೇಟ್ ಶೆಡ್ಡಿನಲ್ಲಿ ಟಾರ್ಪಾಲು ಹೊದ್ದುಕೊಂಡು ಆರು ವರ್ಷ ನಿಂತಿತ್ತು. ಇಲಿಗಳು ಸೀಟಿನ ಸ್ಪಂಜಿನಲ್ಲಿ ಸಂಸಾರ ಹೂಡಿದ್ದವು.

ತೊಂದರೆ ಐಡ್ಲಿಂಗಿನದು, ಅಂದರೆ ಗಾಡಿ ನಿಂತು ಎಂಜಿನ್ ಮಾತ್ರ ಓಡುವಾಗಿನದು. ಬೆಳಿಗ್ಗೆ ಎಂಜಿನ್ ತಣ್ಣಗಿದ್ದಾಗ ಸುಮ್ನೆ ಪಾಪದ ಹಾಗೆ ಓಡುತ್ತಿತ್ತು. ಬಿಸಿಯಾದ ಮೇಲೆ ಶುರು. ಹನುಮಂತಪ್ಪ ಸರ್ಕಲ್ಲಿನಲ್ಲಿ ಕಾಲು ತೆಗೆದರೆ ಆರ್‌ಪಿಎಂ ನಿಮಿಷಕ್ಕೆ 800 ಸುತ್ತಿನಿಂದ 1,600ಕ್ಕೆ ಏರುವುದು, ದೊಪ್ಪನೆ ಇಳಿಯುವುದು, ಮತ್ತೆ ಏರುವುದು. ಪಕ್ಕದ ಆಟೋದವರು ನಾನು ರೇಸಿಗೆ ಕರೆಯುತ್ತಿದ್ದೇನೆ ಅಂದುಕೊಂಡಿರಬೇಕು. ಎಸಿ ಹಾಕಿದ್ದರೆ ಕೆಲವು ಸಲ ಆಫೇ ಆಗಿಬಿಡುತ್ತಿತ್ತು.

ಒಂದು ಗ್ಯಾರೇಜಿನಲ್ಲಿ ಪ್ಲಗ್ ಬದಲಾಯಿಸಿದರು, ಎಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ಬಾಡಿ ತೊಳೆದರು. ಹೋಗಲಿಲ್ಲ. ಕೊನೆಗೆ ಐಡ್ಲಿಂಗಿನ ಗಾಳಿ ನೋಡಿಕೊಳ್ಳುವ ಐಡಲ್ ವಾಲ್ವ್ ಹೋಗಿದೆ, ಹೊರದೇಶದಿಂದ ತರಿಸಬೇಕು, 18 ಸಾವಿರ ಆಗುತ್ತದೆ ಅಂದರು. ಹೋಗಿದೆ ಅಂತ ಹೇಗೆ ಗೊತ್ತಾಯಿತು ಅಂತ ಕೇಳಿದೆ. "ಅದೇ ಇರ್ಬೇಕು ಸಾರ್." ಆ 'ಇರ್ಬೇಕು'ಗೆ 18 ಸಾವಿರ ಕೊಡಲು ನನಗೆ ಮನಸ್ಸು ಬರಲಿಲ್ಲ. ಈಗಿನ ಕಾರಿನ ಸ್ಕ್ಯಾನರ್ ಇದಕ್ಕೆ ಹತ್ತುವುದಿಲ್ಲ. ಬಾನೆಟ್ ಒಳಗಿನ ಪುಟ್ಟ ಡಬ್ಬಿಯಲ್ಲಿ ಎರಡು ಪಿನ್ನಿಗೆ ವೈರ್ ತುಂಡು ಸಿಕ್ಕಿಸಿದರೆ ಡ್ಯಾಶ್‌ಬೋರ್ಡಿನ ದೀಪ ಮಿಣುಕಿ ದೋಷದ ಕೋಡ್ ಹೇಳುತ್ತದೆ. ಅದೂ ಎಲ್ಲ ಸರಿ ಇದೆ ಅಂತಲೇ ಹೇಳಿತು. ಆಮೇಲೆ ತರಿಸಿದ್ದು ಈ ಗೇಜು.

ಇದು ಕೆಲಸ ಮಾಡುವ ರೀತಿ ಸರಳ. ಎಳನೀರಿನ ಸ್ಟ್ರಾದ ತುದಿಗೆ ಬೆರಳು ಒತ್ತಿಕೊಂಡು ಹೀರಿ ನೋಡಿ. ಕೆನ್ನೆ ಒಳಗೆ ಹೋಗುತ್ತದಲ್ವಾ? ಐಡ್ಲಿಂಗಿನಲ್ಲಿ ಥ್ರಾಟಲ್ ಹೆಚ್ಚುಕಡಿಮೆ ಮುಚ್ಚಿರುತ್ತದೆ, ಒಳಗಿಂದ ಪಿಸ್ಟನ್‌ಗಳು ಹೀರುತ್ತಿರುತ್ತವೆ. ನಡುವಿನ ಗಾಳಿ ಕೊಳವೆಯಲ್ಲಿ, ಅಂದರೆ ಮ್ಯಾನಿಫೋಲ್ಡಿನಲ್ಲಿ, ಆಗುವ ಆ ಎಳೆತವನ್ನು ಗೇಜು ಪಾದರಸದ ಇಂಚಿನ ಲೆಕ್ಕದಲ್ಲಿ ತೋರಿಸುತ್ತದೆ. ಸ್ಟ್ರಾದಲ್ಲಿ ಎಲ್ಲೋ ತೂತಿದ್ದರೆ ಎಳೆತ ಕಡಿಮೆ.

ಜೊತೆಗೆ ಬಂದ ಕಾಗದದಲ್ಲಿ 17ರಿಂದ 21 ಇದ್ದರೆ ಎಂಜಿನ್ ಆರೋಗ್ಯ ಅಂತ ಇತ್ತು. ನನ್ನ ಕಾರಿನಲ್ಲಿ ಮುಳ್ಳು 12ರಿಂದ 14ರ ನಡುವೆ ತೂಗಾಡಿತು. 13 ಅಂತ ಹಿಡಿದೆ. ಡಯಲ್ ಮೇಲೆ ಆ ಜಾಗದಲ್ಲಿ ಇಗ್ನಿಷನ್ ಟೈಮಿಂಗ್ ಲೇಟ್, ಅಂದರೆ ಕಿಡಿ ತಡವಾಗಿ ಹಾರುತ್ತಿದೆ, ಅಂತ ಬಣ್ಣದ ಪಟ್ಟಿಯಲ್ಲಿ ಅಚ್ಚು ಹಾಕಿದ್ದಾರೆ. ನಂಬಿಬಿಟ್ಟೆ. ಕಿಡಿಯ ಹೊತ್ತು ನೋಡುವ ಟೈಮಿಂಗ್ ಲೈಟ್ ಹಿಡಿಸಿದೆ, ಸರಿಯಾಗಿ 10 ಡಿಗ್ರಿ. ಆದರೂ ಬಿಡದೆ ಟೈಮಿಂಗ್ ಬೆಲ್ಟಿನ ಕವರ್ ಬಿಚ್ಚಿಸಿ ಗುರುತು ನೋಡಿಸಿದೆ. ಎಲ್ಲವೂ ಕೂತ ಜಾಗದಲ್ಲೇ ಕೂತಿವೆ. ಒಂದು ಭಾನುವಾರ ಹೋಯಿತು, ಲೇಬರ್ 1,800 ಹೋಯಿತು. ಒಂದು ಸ್ಟಾರ್ ಅಂದದ್ದು ಈ ಹೊತ್ತಿಗೆ.

ಹೊಟ್ಟೆ ಉರಿದು ಗೇಜನ್ನು ಸ್ನೇಹಿತನ ಎರಡು ವರ್ಷದ ಹ್ಯಾಚ್‌ಬ್ಯಾಕಿಗೆ ಹಾಕಿದೆ. 16½. ಇವನ ಕಾರೂ ಕೆಟ್ಟಿದೆಯಾ? ಭಾವನ ಕಾರಿಗೆ ಹಾಕಿದೆ, 16½. ಪಕ್ಕದ ಮನೆಯ ಹಳೆ ವ್ಯಾನಿಗೆ ಹಾಕಿದೆ, 16ಕ್ಕಿಂತ ಕೂದಲೆಳೆ ಮೇಲೆ. ಮೂರೂ ಗಡಿಯಾರದ ಹಾಗೆ ಓಡುವ ಗಾಡಿಗಳು. ಆಗ ಹೊಳೆಯಿತು. ಆ 17–21 ಸಮುದ್ರ ಮಟ್ಟದ ಲೆಕ್ಕ. ಪ್ರತಿ ಸಾವಿರ ಅಡಿ ಮೇಲೆ ಹೋದ ಹಾಗೆ ಹೊರಗಿನ ಗಾಳಿಯ ಒತ್ತಡವೇ ಸುಮಾರು ಒಂದು ಇಂಚು ಕಡಿಮೆಯಾಗುತ್ತದೆ, ಗೇಜಿನ ಮುಳ್ಳೂ ಅಷ್ಟೇ ಇಳಿಯುತ್ತದೆ. ಚಿಕ್ಕಮಗಳೂರು ಇರುವುದು ಸುಮಾರು 3,500 ಅಡಿಯಲ್ಲಿ. ಮೂರೂವರೆ ಕಳೆಯಿರಿ. ನಮ್ಮೂರಿನ ಆರೋಗ್ಯದ ಲೆಕ್ಕ 13½ರಿಂದ 17½. ಮಲೆನಾಡಿನಲ್ಲಿ ಈ ಡಯಲಿನ ಬಣ್ಣದ ಪಟ್ಟಿಗಳನ್ನು ನಂಬಿ ಕೂತರೆ ಒಳ್ಳೆಯ ಎಂಜಿನ್ನನ್ನೂ ಬಿಚ್ಚಿಸುತ್ತೀರಿ. ಇದನ್ನು ಕಾಗದದಲ್ಲಿ ಒಂದು ಸಾಲು ಹಾಕಿದ್ದರೆ ಅವರ ಗಂಟೇನು ಹೋಗುತ್ತಿತ್ತೋ.

ಸರಿ, ಪಕ್ಕದ ಗಾಡಿಗಳಿಗೆಲ್ಲ 16ರ ಮೇಲೆ, ನನ್ನದು 13. ಟೈಮಿಂಗ್ ಸರಿ ಇದೆ ಅಂತ ಆಗಲೇ ದುಡ್ಡು ಕೊಟ್ಟು ತಿಳಿದುಕೊಂಡಿದ್ದೆ. ಉಳಿದದ್ದು ಗಾಳಿ ಲೀಕು. ಎಲ್ಲಿ ಅಂತ ಗೇಜು ಹೇಳುವುದಿಲ್ಲ, ಆದರೆ ಹುಡುಕಲು ಬಿಡುತ್ತದೆ. ಎಂಜಿನ್ ಚೆನ್ನಾಗಿ ಬಿಸಿ ಮಾಡಿ, ಡಯಲನ್ನು ವೈಪರ್ ಹತ್ತಿರ ಒರಗಿಸಿಟ್ಟು, ಮ್ಯಾನಿಫೋಲ್ಡಿಗೆ ಬರುವ ಒಂದೊಂದೇ ಪೈಪನ್ನು ಬಟ್ಟೆ ಸುತ್ತಿದ ಪ್ಲೈಯರಿನಿಂದ ಒತ್ತಿ ಹಿಡಿದೆ. ಬ್ರೇಕ್ ಬೂಸ್ಟರಿನದು ಒತ್ತಿದೆ, ಏನೂ ಇಲ್ಲ. ಪೆಟ್ರೋಲ್ ಆವಿಯದು, ಏನೂ ಇಲ್ಲ. ಎಂಜಿನ್ ಉಸಿರಿನ ಪೈಪು, ಮೆಕ್ಯಾನಿಕ್‌ಗಳು ಬ್ರೀದರ್ ಅನ್ನುತ್ತಾರಲ್ಲ, ಅದನ್ನು ಒತ್ತಿದ ತಕ್ಷಣ ಮುಳ್ಳು 16 ದಾಟಿ ನಿಂತಿತು. ಏರಿಳಿತ ಕೈಯಲ್ಲಿ ಹಿಡಿದ ಹಾಗೆ ನಿಂತುಹೋಯಿತು. ಬಿಟ್ಟೆ, ಮತ್ತೆ ಶುರು. ಖುಷಿಗೆ ನಾಲ್ಕೈದು ಸಲ ಒತ್ತಿ ಬಿಟ್ಟು ಮಾಡಿದೆ.

ಪೈಪು ಬಿಚ್ಚಿ ನೋಡಿದರೆ ಮೇಲಿಂದ ಹೊಸದರ ಹಾಗಿದೆ. ಬಾಗಿದ ಜಾಗದ ಅಡಿಯಲ್ಲಿ, ಕಣ್ಣಿಗೆ ಬೀಳದ ಕಡೆ, ಉಗುರಿನಷ್ಟು ಉದ್ದದ ಸೀಳು. ತಣ್ಣಗಿದ್ದಾಗ ತುಟಿ ಮುಚ್ಚಿಕೊಂಡಿರುತ್ತದೆ. ಬಿಸಿಯಾಗಿ ರಬ್ಬರ್ ಮೆತ್ತಗಾದರೆ ಬಾಯಿ ಬಿಡುತ್ತದೆ. ಬೆಳಿಗ್ಗೆಯ ಒಳ್ಳೆತನದ ಗುಟ್ಟು ಇದೇ. ಆ ಸೀಳಿನಿಂದ ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ಹೋಗಿ ಆರ್‌ಪಿಎಂ ಏರುತ್ತದೆ. ಥ್ರಾಟಲ್ ಮುಚ್ಚಿದ್ದರೂ ಇಷ್ಟು ಆರ್‌ಪಿಎಂ ಇದೆ ಅಂದರೆ ಗಾಡಿ ಇಳಿಜಾರಿನಲ್ಲಿ ಬರುತ್ತಿದೆ ಅಂದುಕೊಂಡು ಕಂಪ್ಯೂಟರ್ ಪೆಟ್ರೋಲ್ ಕಟ್ ಮಾಡುತ್ತದೆ. ಬೀಳುತ್ತದೆ. ಬಿದ್ದಾಗ ಗಾಬರಿಯಾಗಿ ಮತ್ತೆ ಕೊಡುತ್ತದೆ. ಏರುತ್ತದೆ. ಎಣ್ಣೆಗೆ ಹಾಳಾಗದ ಪೈಪು, ಎರಡು ಕ್ಲಿಪ್ಪು, ಒಟ್ಟು 260 ರೂಪಾಯಿ. ಐಡ್ಲಿಂಗ್ 850ಕ್ಕೆ ಕೂತಿತು. ಆ 18 ಸಾವಿರದ ಐಡಲ್ ವಾಲ್ವ್ ಇವತ್ತಿಗೂ ಹಳೆಯದೇ.

ಆ ಎತ್ತರದ ಲೆಕ್ಕ ನಿಜವಾ ಅಂತ ನೋಡುವ ಚಪಲ. ಮುಂದಿನ ತಿಂಗಳು ಗೇಜನ್ನು ಡಿಕ್ಕಿಗೆ ಹಾಕಿಕೊಂಡು, ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು, ಚಾರ್ಮಾಡಿ ಘಾಟಿ ಇಳಿದೆ. ಘಟ್ಟದ ಕೆಳಗಿನ ಬೆಳ್ತಂಗಡಿಯಲ್ಲಿ ರಸ್ತೆ ಬದಿ ಬಾನೆಟ್ ಎತ್ತಿ ನೋಡಿದರೆ ಹತ್ತಿರ ಹತ್ತಿರ 20. ಇನ್ನೊಂದು ಸಲ ನಮ್ಮೂರಿಗಿಂತ ಎತ್ತರದ ಸೀತಾಳಯ್ಯನಗಿರಿಯ ಹತ್ತಿರ, 14ರ ಆಸುಪಾಸು. ಅದೇ ಕಾರು, ಅದೇ ಎಂಜಿನ್. ಗಿರಿ ನೋಡಲು ಬಂದವರು ಕಾರು ಕೆಟ್ಟಿದೆ ಅಂದುಕೊಂಡು ತಳ್ಳಲು ಬಂದರು.

ಎರಡನೇ ವರ್ಷದ ಜುಲೈನಲ್ಲಿ ಬೇರೆ ಕಾಯಿಲೆ. ಮಳೆ ಹಿಡಿದ ನಾಲ್ಕನೇ ದಿನ ಐಡ್ಲಿಂಗಿನಲ್ಲಿ ಮಿಸ್ ಹೊಡೆಯತೊಡಗಿತು. ಈ ಸಲ ಮುಳ್ಳು 16½ರಲ್ಲೇ ಇತ್ತು, ಆದರೆ ಆಗಾಗ ಒಂದು ಇಂಚು ಚಕ್ಕನೆ ಬಿದ್ದು ಏಳುತ್ತಿತ್ತು, ಕಣ್ಣು ಮಿಟುಕಿಸಿದ ಹಾಗೆ. ಲೀಕ್ ಆದರೆ ಮುಳ್ಳು ಕೆಳಗೇ ಇರುತ್ತದೆ, ಹೀಗೆ ಮಿಟುಕುವುದಿಲ್ಲ. ಒಂದು ಸಿಲಿಂಡರಿನಲ್ಲಿ ಕಿಡಿ ತಪ್ಪುತ್ತಿದೆ ಅಂತ ಅರ್ಥ, ಇಲ್ಲಾ ವಾಲ್ವ್ ಸರಿಯಾಗಿ ಮುಚ್ಚುತ್ತಿಲ್ಲ. ಮಳೆಯಲ್ಲಷ್ಟೇ ಬಂದ ಕಾರಣ ಕಿಡಿ ಅಂತ ಹಿಡಿದೆ. ರಾತ್ರಿ ಲೈಟ್ ಆರಿಸಿ ಬಾನೆಟ್ ಎತ್ತಿದರೆ ಪ್ಲಗ್ ವೈರಿನ ಮೇಲೆ ನೀಲಿ ಕಿಡಿ ಹರಿದಾಡುತ್ತಿತ್ತು. ಚೆಂದ ಇತ್ತು, ಸತ್ಯ ಹೇಳಬೇಕೆಂದರೆ. ವೈರ್ ಸೆಟ್ ಬದಲಾಯಿಸಿದೆ.

ಮೂರನೆಯ ಸಲ ಗೇಜಿನಿಂದ ನೇರ ಉಪಯೋಗ ಆಗಲಿಲ್ಲ. ಹೆಡ್‌ಲೈಟ್ ಹಾಕಿದರೆ ಆರ್‌ಪಿಎಂ ಕುಸಿಯುತ್ತಿತ್ತು, ಎಂಜಿನ್ ಒದ್ದಾಡುತ್ತಿತ್ತು. ಮುಳ್ಳಿನಲ್ಲಿ ಕೆಟ್ಟ ಲಕ್ಷಣ ಏನೂ ಇಲ್ಲ. ಕೊನೆಗೆ ಸಿಕ್ಕಿದ್ದು ತುಕ್ಕು ಹಿಡಿದ ಅರ್ಥ್ ವೈರು. ಗಾಳಿಯ ಕಡೆ ಹುಡುಕುವುದು ಬೇಡ ಅಂತ ಮೊದಲ ಹತ್ತು ನಿಮಿಷದಲ್ಲೇ ಗೊತ್ತಾಯಿತು, ಅಷ್ಟೇ ಲಾಭ.

ಇನ್ನು ವಸ್ತುವಿನ ದೂರುಗಳು. ಜೊತೆಗೆ ಬರುವ ಪ್ಲಾಸ್ಟಿಕ್ ಟೀ ಜಾಯಿಂಟು (ಇಂಗ್ಲಿಷಿನ T ಆಕಾರದ್ದು) ಬಿಸಿಗೆ ಒಣಗಿ ಹದಿನಾಲ್ಕನೇ ತಿಂಗಳಿಗೆ ಎರಡು ತುಂಡು. ಮೀನಿನ ಅಂಗಡಿಯ, ಅಂದರೆ ಅಕ್ವೇರಿಯಂ ಅಂಗಡಿಯ, 20 ರೂಪಾಯಿಯ ಟೀ ಹಾಕಿ ಒಂದು ವರ್ಷ ತಳ್ಳಿದೆ. ಈಗ ಹಿತ್ತಾಳೆಯದು. ಪೈಪು ಕಲ್ಲಾಗಿದೆ, ಬದಲಾಯಿಸಬೇಕು. ಮುಳ್ಳು ಈಗ ಸೊನ್ನೆಗೆ ವಾಪಸ್ ಬರುವುದಿಲ್ಲ, ಅರ್ಧ ಇಂಚಿನಲ್ಲೇ ನಿಲ್ಲುತ್ತದೆ, ಓದುವಾಗ ಆ ಅರ್ಧ ಇಂಚು ಕಳೆಯುತ್ತೇನೆ. ಕೆಲವು ಎಂಜಿನ್ನಿನಲ್ಲಿ ಮುಳ್ಳು ವಿಪರೀತ ನಡುಗುತ್ತದೆ, ಪೈಪನ್ನು ಬೆರಳಲ್ಲಿ ಸ್ವಲ್ಪ ಅದುಮಿ ಹಿಡಿದರೆ ಸಮಾಧಾನವಾಗುತ್ತದೆ. ಡಬ್ಬಿಯ ಕೊಂಡಿ ಮೊದಲ ತಿಂಗಳೇ ಹೋಯಿತು.

ಐದಕ್ಕೆ ನಾಲ್ಕು. ಕಳೆದ ಒಂದು ಆ ಟೀಗೆ ಮತ್ತು ಆ ಬಣ್ಣದ ಪಟ್ಟಿಗಳಿಗೆ. ಪಟ್ಟಿಗಳ ಮೇಲೆ ನಾನು ಇನ್ಸುಲೇಷನ್ ಟೇಪ್ ಅಂಟಿಸಿದ್ದೇನೆ. ಗಾಜಿನ ಮೇಲೆ 16½ರ ಎದುರು ಹೆಂಡತಿಯ ಕೆಂಪು ನೇಲ್ ಪಾಲಿಶಿನಲ್ಲಿ ಒಂದು ಗೆರೆ, ಪಕ್ಕದಲ್ಲಿ 'ಚಿಕ್ಕಮಗಳೂರು' ಅಂತ ಬರೆದಿದ್ದೇನೆ. ಕಡೂರಿನ ಸ್ನೇಹಿತ ಕೇಳಿದ್ದಾನೆ. ಅವನ ಊರು ನಮಗಿಂತ ಕೆಳಗೆ, ಕೊಡುವ ಮೊದಲು ಅವನದೊಂದು ಗೆರೆ ಎಳೆಯಬೇಕು.