ನ್ಯೂಜೆರ್ಸಿಯ ಜೂನ್ ಪ್ರೈಮರಿ: ಬೂತು ಚೆನ್ನ, ತಾರೀಖು ದಂಡ

ಹೊಸದಾಗಿ ಸಿಟಿಜನ್ ಆದ ನಮ್ಮವರು ಕೇಳ್ತಿರ್ತಾರೆ, ಪ್ರೈಮರಿಗೆ, ಅಂದ್ರೆ ನವೆಂಬರ್ ಚುನಾವಣೆಗೆ ಪಕ್ಷದ ಅಭ್ಯರ್ಥಿ ಯಾರು ಅಂತ ಆರಿಸೋ ಓಟಿಗೆ, ಹೋಗಬೇಕಾ ಅಂತ. 2024ರ ಜೂನ್ 4ರಂದು ನ್ಯೂಜೆರ್ಸಿಯ ಎಡಿಸನ್‌ನಲ್ಲಿ ಓಟು ಹಾಕಿ ಬಂದವನ ಅಭಿಪ್ರಾಯ ಇದು.

ಬೂತಿಗೆ ಪೂರ್ತಿ ಅಂಕ. ಬೆಳಿಗ್ಗೆ 6ರಿಂದ ರಾತ್ರಿ 8ರವರೆಗೆ ತೆರೆದಿರುತ್ತೆ, ಆಫೀಸು ಮುಗಿಸಿಕೊಂಡೇ ಹೋಗಬಹುದು. ನಾನು ಯಾವ ಪಕ್ಷಕ್ಕೂ ಸೇರಿದವನಲ್ಲ. ಮೇಜಿನ ಹಿಂದಿದ್ದ ಅಜ್ಜಿ ‘ಯಾವ ಪಾರ್ಟಿ?’ ಅಂತ ಕೇಳಿ, ಡೆಮಾಕ್ರಟಿಕ್ ಅಂದದ್ದಕ್ಕೆ ಸಹಿ ಹಾಕಿಸಿಕೊಂಡು ಒಳಗೆ ಬಿಟ್ಟರು. ಕ್ಯೂ ಇರಲಿಲ್ಲ. ಇರೋದಾದರೂ ಹೇಗೆ?

ಬೈಡನ್, ಟ್ರಂಪ್ ಇಬ್ಬರೂ ತಮ್ಮ ಪಕ್ಷದ ಅಧ್ಯಕ್ಷ ಅಭ್ಯರ್ಥಿಯಾಗೋಕೆ ಬೇಕಾದಷ್ಟು ಡೆಲಿಗೇಟುಗಳನ್ನು (ಪಕ್ಷದ ಸಮಾವೇಶದಲ್ಲಿ ಅಭ್ಯರ್ಥಿಗೆ ಓಟು ಹಾಕುವ ಪ್ರತಿನಿಧಿಗಳು) ಮಾರ್ಚ್ 12ಕ್ಕೇ ಗಳಿಸಿ ಕೈ ತೊಳೆದಿದ್ದರು. ಮದುವೆಮನೆಯ ಕೊನೇ ಪಂಕ್ತಿ ನಮ್ಮದು: ಎಲೆ ಹಾಕ್ತಾರೆ, ಉಪ್ಪು ಬಡಿಸ್ತಾರೆ, ಹೋಳಿಗೆ ಖಾಲಿ.

ಮುಂಚೆ ಇಟ್ಟುಕೊಂಡರಾಯ್ತಲ್ಲ ಅನ್ನಬಹುದು. 2008ರಲ್ಲಿ ಅದನ್ನೂ ಮಾಡಿದರು, ಫೆಬ್ರವರಿ 5ಕ್ಕೆ. ಅದೇ ದಿನಕ್ಕೆ ಇಪ್ಪತ್ತಕ್ಕೂ ಹೆಚ್ಚು ರಾಜ್ಯಗಳು ನುಗ್ಗಿದ್ದವು, ನಮ್ಮನ್ನು ಕೇಳೋರು ಯಾರು? ಮೇಲಾಗಿ ಉಳಿದ ಹುದ್ದೆಗಳಿಗೆ ಜೂನ್‌ನಲ್ಲಿ ಇನ್ನೊಂದು ಪ್ರೈಮರಿ, ಇನ್ನೊಂದು ಖರ್ಚು. ಆಮೇಲೆ ವಾಪಸ್ ಜೂನ್‌ಗೇ ಬಂದರು. ನ್ಯೂ ಹ್ಯಾಂಪ್‌ಶೈರ್ ಮಾತ್ರ ತಾನೇ ಮೊದಲು ಅಂತ ಕಾನೂನನ್ನೇ ಮಾಡಿಕೊಂಡಿದೆ. 2024ಕ್ಕೆ ಡೆಮಾಕ್ರಟಿಕ್ ಪಕ್ಷ ಸೌತ್ ಕ್ಯಾರೊಲೈನಾಗೆ ಮೊದಲ ಸ್ಥಾನ ಕೊಟ್ಟರೂ ಕೇಳದೆ ಜನವರಿ 23ಕ್ಕೇ ನಡೆಸಿಬಿಟ್ಟಿತು. ಹಟ ಅಂದ್ರೆ ಹಟ!

ಒಂದೊಂದು ರಾಜ್ಯ ತನ್ನ ಪಾಡಿಗೆ ತಾರೀಖು ಹಿಂದೆಮುಂದೆ ಮಾಡಿದರೆ ಇದು ಸರಿಹೋಗಲ್ಲ. ರಾಜ್ಯ ಕಾರ್ಯದರ್ಶಿಗಳ (ಹೆಚ್ಚಿನ ರಾಜ್ಯಗಳಲ್ಲಿ ಚುನಾವಣೆ ನೋಡಿಕೊಳ್ಳುವವರು) ರಾಷ್ಟ್ರೀಯ ಸಂಘ 1999ರಲ್ಲೇ ಒಂದು ದಾರಿ ಹೇಳಿತ್ತು: ದೇಶವನ್ನು ನಾಲ್ಕು ವಲಯ ಮಾಡಿ, ಮಾರ್ಚ್‌ನಿಂದ ಜೂನ್‌ವರೆಗೆ ತಿಂಗಳಿಗೊಂದು ವಲಯ, ಮುಂದಿನ ಚುನಾವಣೆಗೆ ಸರದಿ ಬದಲು. ನನ್ನ ಓಟು ಇದಕ್ಕೇ. ಅಯೋವಾ, ನ್ಯೂ ಹ್ಯಾಂಪ್‌ಶೈರ್‌ಗಳಿಗೆ ಅದರಲ್ಲೂ ಮೊದಲ ಜಾಗ ಉಳಿಸಿದ್ದಾರೆ, ಅದೊಂದು ತೆಗೆಯಬೇಕು. ಒಂದಿಡೀ ವಲಯದಲ್ಲಿ ಒಟ್ಟಿಗೆ ಪ್ರಚಾರ ಮಾಡೋಕೆ ದುಡ್ಡಿಲ್ಲದವರಿಗೆ ಕಷ್ಟ, ನಿಜ. ಒಂದೇ ಮಂಗಳವಾರ ಹತ್ತಾರು ರಾಜ್ಯಗಳು ಓಟು ಹಾಕುವ ಈಗಿನ ಸೂಪರ್ ಟ್ಯೂಸ್‌ಡೇ ಏನು ಅಗ್ಗವೇ?

ಹಾಗಾದರೆ ಹೋಗಬೇಕಾ? ಹೋಗಿ, ಸೆನೆಟ್ಟಿಗಾಗಿ, ಕೌಂಟಿ (ನಮ್ಮ ಜಿಲ್ಲೆ ಇದ್ದಹಾಗೆ) ಹುದ್ದೆಗಳಿಗಾಗಿ. ಆ ಸಲ ಸೆನೆಟ್ಟಿಗೆ ನಿಂತಿದ್ದ ಡೆಮಾಕ್ರಟ್ ಆಂಡಿ ಕಿಮ್ ಹೂಡಿದ್ದ ದಾವೆಯಿಂದ ಡೆಮಾಕ್ರಟಿಕ್ ಬ್ಯಾಲಟ್ಟಿನಲ್ಲಿ ‘ಕೌಂಟಿ ಲೈನ್’ ಇರಲಿಲ್ಲ. ಪಕ್ಷದ ಮುಖಂಡರು ಮೆಚ್ಚಿದವರನ್ನೆಲ್ಲ ಒಂದೇ ಸಾಲಿನಲ್ಲಿ ಕೂರಿಸುವ ಬದಲು ಹುದ್ದೆವಾರು ಹೆಸರು ಹಾಕಿದ್ದರು, ಓದಿ ಆರಿಸೋಕೆ ಖುಷಿಯಾಯ್ತು. ಬೂತಿಗೆ 5ಕ್ಕೆ 5, ಅಧ್ಯಕ್ಷರ ಆಯ್ಕೆಗೆ 5ಕ್ಕೆ 1.