ಕ್ಯಾರವಾನ್ ಎಳೆಯಲು ವಾಹನ ಸಾಕೇ: ಕೈಪಿಡಿ, ಕ್ಯಾಲ್ಕ್ಯುಲೇಟರ್, ಮನೆಯ ತಕ್ಕಡಿ ಮತ್ತು ವೇಬ್ರಿಡ್ಜ್

ನಮ್ಮ ವಾಹನವು ಕ್ಯಾರವಾನ್ ಎಂಬ ವಾಸದ ಟ್ರೇಲರೊಂದನ್ನು ಸುರಕ್ಷಿತವಾಗಿ ಎಳೆಯಬಲ್ಲದೇ ಎಂದು ತಿಳಿಯಲು ನಾನು ನಾಲ್ಕು ದಾರಿಗಳನ್ನು ಪ್ರಯೋಗಿಸಿ ನೋಡಿದ್ದೇನೆ. ಅವುಗಳಲ್ಲಿ ಲಾರಿಗಳನ್ನು ತೂಗುವ ವೇಬ್ರಿಡ್ಜ್‌ಗೆ ಸರಿಸಾಟಿಯಾದದ್ದು ಬೇರೊಂದಿಲ್ಲ. ಮೆಚ್ಚಿದ ಮಾದರಿಯನ್ನು ಕೊಳ್ಳುವ ಮುನ್ನ ಬಾಡಿಗೆಗೆ ತಂದು, ಪ್ರವಾಸಕ್ಕೆ ಹೊರಡುವಂತೆಯೇ ಸಾಮಾನು ತುಂಬಿ ತೂಗಿಸಿದ ಮೇಲೆ ನಾವು ಅದಕ್ಕಿಂತ ಚಿಕ್ಕ ಟ್ರೇಲರನ್ನು ಕೊಂಡೆವು. ಆ ಆಯ್ಕೆಯ ಬಗ್ಗೆ ಇಂದಿಗೂ ಸಮಾಧಾನವಿದೆ.

ಕೈಪಿಡಿಯಲ್ಲಿ ಅಚ್ಚಾದ ಎಳೆಯುವ ಸಾಮರ್ಥ್ಯವನ್ನು ಟ್ರೇಲರಿನ ತೂಕದೊಡನೆ ಹೋಲಿಸುವುದು ಎಲ್ಲಕ್ಕಿಂತ ಸುಲಭದ ದಾರಿ. ಆ ಅಂಕಿಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಅಮೆರಿಕದ ಅನೇಕ ತಯಾರಕರು ಅನುಸರಿಸುವ, ಎಸ್‌ಎಇ ಎಂಬ ಎಂಜಿನಿಯರುಗಳ ಸಂಘದ ಜೆ2807 ಮಾನದಂಡದಲ್ಲಿ, ಅರಿಜೋನಾದ ಡೇವಿಸ್ ಡ್ಯಾಮ್ ಬಳಿಯ ದೀರ್ಘ ಏರುದಾರಿಯನ್ನು ಬಿರುಬಿಸಿಲಿನಲ್ಲಿ, ಎ.ಸಿ. ಚಾಲೂ ಇಟ್ಟುಕೊಂಡೇ ಹತ್ತಬೇಕೆಂಬ ಪರೀಕ್ಷೆಯಿದೆ. ಆದರೆ ಅದೇ ಮಾನದಂಡವು ವಾಹನದೊಳಗೆ ತಲಾ ಸುಮಾರು 68 ಕೆಜಿ ತೂಕದ ಚಾಲಕ ಮತ್ತು ಒಬ್ಬ ಪ್ರಯಾಣಿಕ ಮಾತ್ರ ಇದ್ದಾರೆಂದು ಭಾವಿಸುತ್ತದೆ. ಹಿಂದಿನ ಸೀಟಿನ ಮಕ್ಕಳಾಗಲಿ, ಡಿಕ್ಕಿಯ ಸಾಮಾನಾಗಲಿ ಅದರ ಲೆಕ್ಕಕ್ಕೆ ಬರುವುದಿಲ್ಲ.

ನನ್ನನ್ನು ಬಹುವಾಗಿ ಕಾಡಿದ ತೊಡಕು ಇಲ್ಲಿಯೇ ಇದೆ. ಚಾಲಕನ ಬಾಗಿಲಿನ ಚೌಕಟ್ಟಿಗೆ ಅಂಟಿಸಿದ ಸ್ಟಿಕರ್, ಜನ ಮತ್ತು ಸಾಮಾನು ಸೇರಿ ವಾಹನ ಹೊರಬಹುದಾದ ಭಾರವನ್ನು, ಎಂದರೆ ಪೇಲೋಡನ್ನು ತಿಳಿಸುತ್ತದೆ. ಟ್ರೇಲರಿನ ಮೂತಿ, ಎಂದರೆ ಅದರ ಮುಂತುದಿ, ವಾಹನದ ಹಿಂದಿನ ಕೊಂಡಿಯಾದ ಹಿಚ್‌ನ ಮೇಲೆ ಹೇರುವ ಭಾರವೂ ಈ ಪೇಲೋಡಿನಿಂದಲೇ ಕಳೆಯಬೇಕು ಎಂಬುದನ್ನು ಮಾರಾಟಗಾರರು ಬಾಯಿಬಿಟ್ಟು ಹೇಳುವುದು ಅಪರೂಪ.

ನಮ್ಮ ವಾಹನದ ಎಳೆಯುವ ಸಾಮರ್ಥ್ಯ 3,000 ಕೆಜಿ, ಪೇಲೋಡ್ 560 ಕೆಜಿ. ಬಾಡಿಗೆಯ ಟ್ರೇಲರಿನ ಖಾಲಿ ತೂಕ 1,950 ಕೆಜಿ ಎಂದು ಅದರ ಪತ್ರದಲ್ಲಿತ್ತು. ನೀರು, ಗ್ಯಾಸ್ ಸಿಲಿಂಡರ್, ಬ್ಯಾಟರಿ, ಪಾತ್ರೆ, ಹಾಸಿಗೆ ಎಲ್ಲವೂ ಸೇರಿ ಅದು 2,380 ಕೆಜಿ ತೂಗಿತು. ಸಾಮರ್ಥ್ಯದ ಅಂಕಿಯನ್ನಷ್ಟೇ ನೋಡಿದರೆ ಇನ್ನೂ 620 ಕೆಜಿ ಬಾಕಿ. ಆದರೆ ಸಿಲಿಂಡರ್ ಮತ್ತು ಬ್ಯಾಟರಿ ಮೂತಿಯ ಮೇಲೆಯೇ ಕೂರುವುದರಿಂದ ಹಿಚ್‌ನ ಮೇಲಿನ ಭಾರ 310 ಕೆಜಿಗೆ ಏರಿತ್ತು. ಅದಕ್ಕೆ ನಾಲ್ವರ 260 ಕೆಜಿ, ಹಿಚ್ ಉಪಕರಣದ 40 ಕೆಜಿ ಕೂಡಿಸಿದರೆ 610 ಕೆಜಿಯಾಗುತ್ತದೆ. ಡಿಕ್ಕಿಯಲ್ಲಿ ಒಂದು ಚೀಲವನ್ನೂ ಇಡುವ ಮೊದಲೇ ಮಿತಿಗಿಂತ 50 ಕೆಜಿ ಹೆಚ್ಚು. ಹೀಗೆ ಭಾರ ಮೀರಿದಾಗ ವಾಹನದ ಹಿಂಭಾಗ ಕುಸಿದು ಮುಂದಿನ ಚಕ್ರಗಳು ಹಗುರವಾಗುತ್ತವೆ. ಸ್ಟಿಯರಿಂಗ್ ಮತ್ತು ಬ್ರೇಕ್ ಎರಡರ ಹಿಡಿತವೂ ಸಡಿಲವಾಗುತ್ತದೆ. ಎಂಜಿನ್ ಮಾತ್ರ ಸಲೀಸಾಗಿ ಎಳೆಯುತ್ತಲೇ ಇರುವುದರಿಂದ ಅಪಾಯದ ಅರಿವೇ ಆಗುವುದಿಲ್ಲ.

ಆನ್‌ಲೈನ್ ಕ್ಯಾಲ್ಕ್ಯುಲೇಟರ್‌ಗಳು ಈ ಕೂಡಿಸುವ ಕಳೆಯುವ ಕೆಲಸವನ್ನು ಚೆನ್ನಾಗಿ ಮಾಡಿಕೊಡುತ್ತವೆ. ಆದರೆ ಟ್ರೇಲರಿನ ತುಂಬಿದ ತೂಕವನ್ನು ನಾವೇ ಊಹಿಸಿ ಕೊಡಬೇಕಾದ್ದರಿಂದ ಉತ್ತರವೂ ಊಹೆಯೇ.

ಮನೆಯ ತಕ್ಕಡಿಯ ಉಪಾಯ ನನಗೆ ಇಷ್ಟವಾಯಿತು. ಗಟ್ಟಿ ತೊಲೆಯೊಂದರ ಒಂದು ತುದಿಯನ್ನು ದಿಮ್ಮಿಯ ಮೇಲೆ, ಇನ್ನೊಂದು ತುದಿಯನ್ನು ಸ್ನಾನಗೃಹದ ತಕ್ಕಡಿಯ ಮೇಲೆ ಇಟ್ಟು, ದಿಮ್ಮಿಯಿಂದ ಮೂರನೇ ಒಂದು ಭಾಗ ದೂರದಲ್ಲಿ ಟ್ರೇಲರಿನ ಮೂತಿಯನ್ನು ಇಳಿಸಬೇಕು. ತೊಲೆಯೊಂದೇ ಇದ್ದಾಗ ತಕ್ಕಡಿ ತೋರಿದ ಭಾರವನ್ನು ಕಳೆದು ಉಳಿದುದನ್ನು ಮೂರರಿಂದ ಗುಣಿಸಿದರೆ ಮೂತಿಯ ಭಾರ ಸಿಗುತ್ತದೆ. ನೆಲ ಸಮತಟ್ಟಾಗಿರಬೇಕು, ಮೂತಿಯ ಎತ್ತರ ವಾಹನಕ್ಕೆ ಜೋಡಿಸಿದಾಗಿನಷ್ಟೇ ಇರಬೇಕು. ಅಮೆರಿಕದ ರೂಢಿಯಲ್ಲಿ ಈ ಭಾರ ಟ್ರೇಲರಿನ ತೂಕದ ಶೇಕಡಾ 10ರಿಂದ 15ರಷ್ಟಿರಬೇಕು. ಕಡಿಮೆಯಾದರೆ ವೇಗದಲ್ಲಿ ಟ್ರೇಲರ್ ಅತ್ತಿತ್ತ ಓಲಾಡತೊಡಗುತ್ತದೆ. ಯುರೋಪಿನ ಹಲವು ಕಾರುಗಳ ಮಿತಿ 75ರಿಂದ 100 ಕೆಜಿ ಮಾತ್ರವಾದ್ದರಿಂದ ಅವರವರ ಕೈಪಿಡಿಯ ಮಾತೇ ಅಂತಿಮ. ಈ ವಿಧಾನದಿಂದ ಆಕ್ಸಲ್‌ಗಳ, ಎಂದರೆ ಚಕ್ರಗಳ ಅಚ್ಚುಗಳ, ಮೇಲಿನ ಭಾರ ಮಾತ್ರ ತಿಳಿಯದು.

ವೇಬ್ರಿಡ್ಜ್‌ನಲ್ಲಿ ಆ ಕೊರತೆಯೂ ನೀಗುತ್ತದೆ. ಮೊದಲು ವಾಹನ ಮತ್ತು ಟ್ರೇಲರನ್ನು ಒಟ್ಟಿಗೆ ತೂಗಿಸಬೇಕು. ಬಳಿಕ, ಜೋಡಿಸಿದ ಸ್ಥಿತಿಯಲ್ಲೇ, ಟ್ರೇಲರಿನ ಚಕ್ರಗಳು ಹೊರಗುಳಿಯುವಂತೆ ವಾಹನದ ನಾಲ್ಕು ಚಕ್ರಗಳನ್ನಷ್ಟೇ ತಟ್ಟೆಯ ಮೇಲೆ ನಿಲ್ಲಿಸಬೇಕು. ಕೊನೆಗೆ ಟ್ರೇಲರನ್ನು ಬಿಚ್ಚಿ ವಾಹನವೊಂದನ್ನೇ ತೂಗಿಸಬೇಕು. ಎರಡನೆಯದರಿಂದ ಮೂರನೆಯದನ್ನು ಕಳೆದರೆ ಹಿಚ್‌ನ ಮೇಲಿನ ಭಾರ ಕೈಗೆ ಬರುತ್ತದೆ. ಮುಂದಿನ ಚಕ್ರಗಳನ್ನು ಮಾತ್ರ ತಟ್ಟೆಯ ಮೇಲೆ ತಂದು ಇನ್ನೊಮ್ಮೆ ನೋಡಿದರೆ ಒಂದೊಂದು ಆಕ್ಸಲ್‌ನ ಪಾಲೂ ತಿಳಿಯುತ್ತದೆ. ಪ್ರತಿ ಸಲವೂ ಮನೆಯವರೆಲ್ಲ ಸೀಟಿನಲ್ಲೇ ಕುಳಿತಿರಬೇಕು. ಭಾರ ಹಂಚುವ ಸರಳುಗಳುಳ್ಳ ಹಿಚ್ ಇದ್ದರೆ ಈ ಅಳತೆಯ ಹೊತ್ತಿಗೆ ಅವುಗಳನ್ನು ಸಡಿಲಿಸಬೇಕು. ಇಲ್ಲವಾದರೆ ಭಾರದ ಒಂದು ಪಾಲು ಟ್ರೇಲರಿನ ಚಕ್ರಗಳಿಗೆ ಮರಳಿ, ಅಂಕಿ ಕಡಿಮೆ ಕಾಣುತ್ತದೆ.

ಲಾರಿಗಳಿಗಾಗಿ ಇರುವ ವೇಬ್ರಿಡ್ಜ್ ಸಾಮಾನ್ಯವಾಗಿ 10 ಅಥವಾ 20 ಕೆಜಿಯ ಹಂತದಲ್ಲಿ ತೂಕ ತೋರಿಸುವುದರಿಂದ ಅಷ್ಟು ಹೆಚ್ಚುಕಡಿಮೆಯನ್ನು ಒಪ್ಪಿಕೊಳ್ಳಬೇಕಾಗುತ್ತದೆ. ನಾನಂತೂ ಮಿತಿಗೆ ತಾಗಿಕೊಂಡು ಹೋಗದೆ ಶೇಕಡಾ 10ರಿಂದ 15ರಷ್ಟು ಅಂತರ ಬಿಡುತ್ತೇನೆ.

ದೊಡ್ಡ ವಾಹನ ಕೊಳ್ಳುವ ಬಜೆಟ್ ನಮ್ಮದಲ್ಲ, ನಾಲ್ವರೂ ಒಂದೇ ವಾಹನದಲ್ಲಿ ಹೋಗುವುದೇ ರೂಢಿ; ಹಾಗಾಗಿ ಟ್ರೇಲರೇ ಚಿಕ್ಕದಾಗಬೇಕಾಯಿತು. ಇಬ್ಬರೇ ಹೋಗುವವರಿಗೆ ಅದೇ ದೊಡ್ಡ ಮಾದರಿ ಒಗ್ಗಬಹುದು, ಆದರೆ ತೂಗಿಸಿದ ಮೇಲೆ. ಈಗ ನಾನು ಸಾಮಾನಿನ ಜೋಡಣೆ ಬದಲಾದಾಗ ಮನೆಯಲ್ಲೇ ಮೂತಿಯ ಭಾರ ನೋಡಿಕೊಳ್ಳುತ್ತೇನೆ, ಪ್ರತಿ ವರ್ಷದ ಮೊದಲ ದೂರಪ್ರಯಾಣಕ್ಕೆ ಮುನ್ನ ವೇಬ್ರಿಡ್ಜ್‌ಗೆ ಹೋಗಿ ಬರುತ್ತೇನೆ.